ಇಸ್ಲಾಮೀ ಅಧ್ಯಯನಕ್ಕೆ ಕಂಪ್ಯೂಟರ್: ಯಾವ ಕೆಲಸಕ್ಕೆ ಯಾವ ಸಾಧನ?

ವಿರಾಜಪೇಟೆ, ಸುಂಟಿಕೊಪ್ಪ, ನಾಪೋಕ್ಲು, ಸಿದ್ದಾಪುರದ ಕಡೆ ಮಸೀದಿಯ ದರ್ಸಿನಲ್ಲಿ (ಧಾರ್ಮಿಕ ಪಾಠದಲ್ಲಿ) ಕಿತಾಬು ಓದುತ್ತಿರುವ ವಿದ್ಯಾರ್ಥಿಗೂ, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಬಿ.ಸಿ.ಎ. ಓದುತ್ತ ದೀನಿ ವಿಷಯಗಳಲ್ಲಿ ಆಸಕ್ತಿ ಇಟ್ಟುಕೊಂಡಿರುವ ವಿದ್ಯಾರ್ಥಿಗೂ ಇಂದು ಒಂದೇ ಪ್ರಶ್ನೆ ಎದುರಾಗುತ್ತದೆ. ಕುರ್‌ಆನ್, ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ), ಫಿಕ್‌ಹ್ (ಕರ್ಮಶಾಸ್ತ್ರ) ಇವುಗಳ ಅಧ್ಯಯನಕ್ಕೆಂದು ಉಚಿತವಾಗಿ ಸಿಗುವ ಇಷ್ಟೊಂದು ತಂತ್ರಾಂಶ, ಜಾಲತಾಣ ಮತ್ತು ಪಠ್ಯಸಂಗ್ರಹಗಳ ಪೈಕಿ ಯಾವುದನ್ನು ನೆಚ್ಚಿಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಒಬ್ಬರಿಗೆ ಅರಬಿ ಚೆನ್ನಾಗಿ ಬರುತ್ತದೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿಲ್ಲ. ಇನ್ನೊಬ್ಬರಿಗೆ ಪೈಥಾನ್ ಬರುತ್ತದೆ, ಸನದನ್ನು, ಅಂದರೆ ಹದೀಸನ್ನು ಯಾರಿಂದ ಯಾರು ಕೇಳಿದರೆಂಬ ಹೆಸರುಗಳ ಸರಪಳಿಯನ್ನು, ಓದಿ ತಿಳಿಯುವ ಅಭ್ಯಾಸವಿಲ್ಲ. ಇಬ್ಬರನ್ನೂ ಗಮನದಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಆಯ್ಕೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಸಾಧನವು ಉತ್ತರ ಕೊಟ್ಟ ಮೇಲೆ, ಆ ಉತ್ತರ ಯಾವ ಕಿತಾಬಿನ ಯಾವ ಮುದ್ರಣದ ಎಷ್ಟನೆಯ ಪುಟದಿಂದ ಬಂತು ಎಂದು ತೋರಿಸಬಲ್ಲದೇ? ತೋರಿಸಬಲ್ಲದಾದರೆ ಅದು ಎಷ್ಟೇ ನಿಧಾನವಾಗಿದ್ದರೂ ಅಧ್ಯಯನಕ್ಕೆ ತಕ್ಕದ್ದು. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಹೇಳದೆ ಮಾತನ್ನು ಒಪ್ಪದ ಪರಂಪರೆಯ ಅಧ್ಯಯನದಲ್ಲಿ, ಮೂಲ ಹೇಳಲಾರದ ಯಂತ್ರಕ್ಕೆ ಬೇರೆ ನ್ಯಾಯ ಇರಕೂಡದು.

ಕುರ್‌ಆನ್ ಪಠ್ಯ: ತನ್‌ಝೀಲ್ ಮತ್ತು ಲೀಡ್ಸ್ ಕಾರ್ಪಸ್

ಕುರ್‌ಆನ್ ಪಠ್ಯವನ್ನು ಕಂಪ್ಯೂಟರಿನಲ್ಲಿ ಬಳಸುವವರು ಮೊದಲು ಅರಿಯಬೇಕಾದ ಎರಡು ಹೆಸರುಗಳಿವು. 2007ರಲ್ಲಿ ಆರಂಭವಾದ ತನ್‌ಝೀಲ್ ಯೋಜನೆಯು ಯುನಿಕೋಡ್‌ನಲ್ಲಿ ಪರಿಶೀಲಿತವಾದ, ಅಕ್ಷರದೋಷವಿಲ್ಲದ ಪಠ್ಯವನ್ನು ಕೊಡುವ ಉದ್ದೇಶ ಹೊಂದಿದೆ. ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ಆದರೆ ಒಂದಕ್ಷರವನ್ನೂ ಬದಲಿಸುವಂತಿಲ್ಲ ಎಂಬುದು ಅದರ ಷರತ್ತು. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಕೈಸ್ ಡ್ಯೂಕ್ಸ್ ರೂಪಿಸಿದ ಕುರ್‌ಆನಿಕ್ ಅರಬಿಕ್ ಕಾರ್ಪಸ್ (ವಿಶ್ಲೇಷಿತ ಪಠ್ಯಸಂಗ್ರಹ) ಈ ತನ್‌ಝೀಲ್ ಪಠ್ಯದ ಮೇಲೆಯೇ ನಿಂತಿದೆ. ಅದು 77,430 ಪದಗಳಲ್ಲಿ ಪ್ರತಿಯೊಂದಕ್ಕೂ ಧಾತು, ಮೂಲರೂಪ, ವ್ಯಾಕರಣವರ್ಗಗಳನ್ನು ಗುರುತಿಸಿ ಕೊಡುತ್ತದೆ. ವಾಕ್ಯರಚನೆಯ ವಿಶ್ಲೇಷಣೆ ಮಾತ್ರ ಪೂರ್ತಿ ಕುರ್‌ಆನಿಗೆ ಆಗಿಲ್ಲ. ಇಅ್‌ರಾಬ್ (ವಾಕ್ಯದಲ್ಲಿ ಪದಗಳ ವ್ಯಾಕರಣ ಸಂಬಂಧ) ಕಲಿಯಲೆಂದು ಅಲ್ಲಿಗೆ ಹೋಗುವವರು ಇದನ್ನು ತಿಳಿದಿರಬೇಕು.

ಬರಿಯ ಪಠ್ಯ ಬೇಕಿದ್ದವರಿಗೆ, ಅಂದರೆ ಒಂದು ಆ್ಯಪ್ ಕಟ್ಟುವವರಿಗೆ ಅಥವಾ ಲೇಖನದಲ್ಲಿ ಆಯತ್ ಉದ್ಧರಿಸುವವರಿಗೆ, ತನ್‌ಝೀಲ್ ಸಾಕು. ಆದರೆ ಅದರಲ್ಲಿ ಪಠ್ಯದ ಹಲವು ಬಗೆಗಳಿವೆ ಎಂಬುದನ್ನು ಮರೆತು ಕೈಗೆ ಸಿಕ್ಕಿದ್ದನ್ನು ಇಳಿಸಿಕೊಂಡರೆ ಮುಂದೆ ತೊಂದರೆಯಾಗುತ್ತದೆ. ಉಸ್ಮಾನಿ ಬರವಣಿಗೆಯಲ್ಲಿ, ಅಂದರೆ ಕುರ್‌ಆನಿನ ಸಾಂಪ್ರದಾಯಿಕ ಕಾಗುಣಿತದಲ್ಲಿ, 'ಸಲಾತ್' (ನಮಾಝ್) ಎಂಬ ಪದವನ್ನು ವಾವ್ ಅಕ್ಷರದೊಂದಿಗೆ ಬರೆಯುತ್ತಾರೆ; ಸರಳ ಬರವಣಿಗೆಯಲ್ಲಿ ಅಲಿಫ್‌ನೊಂದಿಗೆ ಬರೆಯುತ್ತಾರೆ. ಫೋನಿನ ಕೀಲಿಮಣೆಯಲ್ಲಿ ನಾವು ಸಾಮಾನ್ಯವಾಗಿ ಟೈಪಿಸುವುದು ಅಲಿಫ್ ಇರುವ ರೂಪವನ್ನು. ಆದ್ದರಿಂದ ಉಸ್ಮಾನಿ ಪಠ್ಯದಲ್ಲಿ ನೇರವಾಗಿ ಹುಡುಕಿದರೆ ಹತ್ತಾರು ಆಯತುಗಳಲ್ಲಿರುವ ಪದವೂ ಸಿಗದೆ ಹೋಗುತ್ತದೆ. ಓದುಗರಿಗೆ ತೋರಿಸಲು ಉಸ್ಮಾನಿ, ಹುಡುಕಲು ಸ್ವರಚಿಹ್ನೆಗಳಿಲ್ಲದ ಸರಳ ಪಠ್ಯ, ಹೀಗೆ ಎರಡನ್ನೂ ಜೋಡಿಸಿ ಇಟ್ಟುಕೊಳ್ಳುವುದೇ ಸರಿಯಾದ ದಾರಿ. ತನ್‌ಝೀಲ್‌ನ ಈ ಪಠ್ಯಗಳು ಹಫ್ಸ್ ಪಾಠವನ್ನು ಅನುಸರಿಸುತ್ತವೆ. ವರ್ಶ್ ಮೊದಲಾದ ಬೇರೆ ಕಿರಾಅತ್‌ಗಳನ್ನು (ಕುರ್‌ಆನ್ ಓದುವ ಪರಂಪರೆಗಳನ್ನು) ಹೋಲಿಸುವವರು ಬೇರೆ ಆಕರ ನೋಡಿಕೊಳ್ಳಬೇಕು. ನಮ್ಮಲ್ಲಿ ಹಲವರು ಮಲಬಾರಿನಲ್ಲಿ ಅಚ್ಚಾದ ಪೊನ್ನಾನಿ ಲಿಪಿಯ ಮುಸ್‌ಹಫ್ (ಕುರ್‌ಆನ್ ಪ್ರತಿ) ಹಿಡಿದು ಓದಲು ಕಲಿತವರು. ಪರದೆಯ ಮೇಲಿನ ಅರಬ್ ನಾಡಿನ ಅಕ್ಷರಶೈಲಿಗೆ ಕಣ್ಣು ಹೊಂದಿಕೊಳ್ಳಲು ಅವರಿಗೆ ತುಸು ಕಾಲ ಬೇಕಾಗುತ್ತದೆ. ಪಠ್ಯ ಬೇರೆಯಾಗಿದೆ ಎಂದು ಅವರು ಆತಂಕಪಡಬೇಕಾಗಿಲ್ಲ.

ಪದಗಳ ಅಧ್ಯಯನಕ್ಕೆ ಹೊರಟವರಿಗೆ ಲೀಡ್ಸ್ ಕಾರ್ಪಸ್ ಅನಿವಾರ್ಯ. ಇಲ್ಮ್ ಎಂಬ ಪದದ ಧಾತುವನ್ನು ಅಲ್ಲಿ ಹುಡುಕಿದರೆ 854 ಪ್ರಯೋಗಗಳು ಸಿಗುತ್ತವೆ. ಆದರೆ ಕುರ್‌ಆನಿನಲ್ಲಿ ಜ್ಞಾನದ ಮಾತು ಇಷ್ಟು ಸಲ ಬಂದಿದೆ ಎಂದು ಅಷ್ಟಕ್ಕೇ ಬರೆದುಬಿಟ್ಟರೆ ಅದು ತಪ್ಪಾಗುತ್ತದೆ, ಏಕೆಂದರೆ ಫಾತಿಹಾದಲ್ಲಿ ದಿನವೂ ಓದುವ 'ಆಲಮೀನ್' (ಲೋಕಗಳು) ಎಂಬ ಪದದ 73 ಪ್ರಯೋಗಗಳೂ ಅದೇ ಧಾತುವಿನ ಕೆಳಗೆ ಬರುತ್ತವೆ. ಧಾತುವಿನಿಂದ ಆರಂಭಿಸಿ, ಮೂಲರೂಪಕ್ಕೆ ಇಳಿದು, ಕೊನೆಗೆ ಒಂದೊಂದು ಆಯತನ್ನೂ ಓದಿ ನೋಡಿದ ಮೇಲೆಯೇ ಸಂಖ್ಯೆಗೆ ಅರ್ಥ ಬರುತ್ತದೆ. ಕನ್ನಡ ಅನುವಾದವನ್ನು ಜೊತೆಗಿಟ್ಟುಕೊಳ್ಳಲು ಬಯಸುವವರಿಗೆ ಕುರ್‌ಆನ್‌ಎನ್ಕ್ ಜಾಲತಾಣದಲ್ಲಿ ಕನ್ನಡವೂ ಲಭ್ಯವಿದೆ.

ಹದೀಸ್: ಶಾಮಿಲವೋ, ಸುನ್ನಾ ಡಾಟ್ ಕಾಮೋ?

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲಿ. ಹಾಗಾಗಿ ಒಂದು ಪರೀಕ್ಷೆಯೊಂದಿಗೆ ಆರಂಭಿಸೋಣ. 'ಇನ್ನಮಲ್ ಅಅ್‌ಮಾಲು ಬಿನ್ನಿಯ್ಯಾತ್', ಅಂದರೆ ಕರ್ಮಗಳು ನಿಯ್ಯತ್ತಿನಂತೆ (ಉದ್ದೇಶದಂತೆ) ಎಂಬ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹವಾದ ಸಹೀಹುಲ್ ಬುಖಾರಿಯಲ್ಲಿ ಅದು ಏಳು ಕಡೆ ಬರುತ್ತದೆ: 1, 54, 2529, 3898, 5070, 6689 ಮತ್ತು 6953ನೆಯ ಸಂಖ್ಯೆಗಳಲ್ಲಿ. ಆದರೆ ಏಳೂ ಕಡೆ ಪದಗಳು ಒಂದೇ ಆಗಿಲ್ಲ. ಬಹುವಚನದ 'ನಿಯ್ಯಾತ್' ಇರುವುದು ಮೊದಲನೆಯದರಲ್ಲಿ. ಉಳಿದೆಡೆ ಏಕವಚನದ 'ನಿಯ್ಯತ್' ಇದೆ. 5070ರಲ್ಲಂತೂ 'ಅಅ್‌ಮಾಲ್' ಕೂಡ ಏಕವಚನದ 'ಅಮಲ್' ಆಗಿದೆ. ಕೆಲವೆಡೆ 'ಇನ್ನಮಾ' ಇಲ್ಲ. ಬಾಯಿಪಾಠವಾಗಿರುವ ವಾಕ್ಯವನ್ನು ಇದ್ದಂತೆಯೇ ಟೈಪಿಸಿ, ಅಕ್ಷರಕ್ಕೆ ಅಕ್ಷರ ಹೊಂದಿಸುವ ಹುಡುಕಾಟ ನಡೆಸಿದವರಿಗೆ ಏಳರಲ್ಲಿ ಒಂದು ಮಾತ್ರ ಸಿಗುತ್ತದೆ, ಮತ್ತು ಉಳಿದ ಆರು ಇಲ್ಲವೆಂದೇ ಅವರು ತಿಳಿಯುತ್ತಾರೆ. ಹೊಸದಾಗಿ ಯಾವ ಹದೀಸ್ ತಂತ್ರಾಂಶ ಕೈಗೆ ಬಂದರೂ ಮೊದಲು ಈ ಒಂದು ಹದೀಸನ್ನು ಹುಡುಕಿ, ಏಳೂ ಸಿಗಲು ಏನೇನು ಮಾಡಬೇಕಾಯಿತು ಎಂದು ನೋಡಿಕೊಳ್ಳಬೇಕೆಂಬುದು ನನ್ನ ಸಲಹೆ. ಸಾಧನದ ಶಕ್ತಿಯೂ ಮಿತಿಯೂ ಅಲ್ಲೇ ತಿಳಿಯುತ್ತವೆ.

ಸುನ್ನಾ ಡಾಟ್ ಕಾಮ್ ಬಳಸಲು ಸುಲಭ. ಅರಬಿ ಮೂಲ ಮತ್ತು ಇಂಗ್ಲಿಷ್ ಅನುವಾದ ಎದುರುಬದುರಾಗಿ ಇರುತ್ತವೆ, ಅಧ್ಯಾಯಗಳ ಕ್ರಮ ಸ್ಪಷ್ಟವಾಗಿದೆ, ಫೋನಿನಲ್ಲೂ ಚೆನ್ನಾಗಿ ತೆರೆಯುತ್ತದೆ. ಅರಬಿ ಇನ್ನೂ ಕಲಿಯುತ್ತಿರುವವರು ಇಲ್ಲಿಂದಲೇ ಆರಂಭಿಸಬಹುದು. ಅಲ್ಲಿ ಗಮನಿಸಬೇಕಾದದ್ದು ಸಂಖ್ಯೆಗಳ ವಿಷಯ. ಇನ್ನೊಂದು ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ಗೆ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿ ಅವರ ಕ್ರಮದಲ್ಲಿ 3033 ಸಂಖ್ಯೆಗಳಿದ್ದರೆ, ಪುನರಾವರ್ತನೆಗಳನ್ನೂ ಬೇರೆಬೇರೆಯಾಗಿ ಎಣಿಸುವ ದಾರುಸ್ಸಲಾಮ್ ಮುದ್ರಣದಲ್ಲಿ ಸಂಖ್ಯೆ 7563ರವರೆಗೆ ಹೋಗುತ್ತದೆ. 'ಮುಸ್ಲಿಮ್, 2500' ಎಂದಷ್ಟೇ ಬರೆದ ಅಡಿಟಿಪ್ಪಣಿ ಯಾವ ಹದೀಸನ್ನು ಸೂಚಿಸುತ್ತದೆ ಎಂಬುದು ಯಾವ ಕ್ರಮವೆಂದು ತಿಳಿಯುವವರೆಗೆ ಇತ್ಯರ್ಥವಾಗುವುದಿಲ್ಲ. ಜುಮಾ ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುವವರು ಸಂಖ್ಯೆಯ ಜೊತೆಗೆ ಕಿತಾಬಿನ ವಿಭಾಗ ಮತ್ತು ಬಾಬಿನ (ಅಧ್ಯಾಯದ) ಹೆಸರನ್ನೂ ಬರೆದಿಟ್ಟುಕೊಂಡರೆ ಉಸ್ತಾದರು ತಮ್ಮ ಮುದ್ರಿತ ಪ್ರತಿಯಲ್ಲಿ ಅದನ್ನು ತೆರೆದು ನೋಡಬಲ್ಲರು.

ಮಕ್ತಬ ಶಾಮಿಲ ಬೇರೆಯದೇ ಸ್ವಭಾವದ ಸಾಧನ. ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ), ಹದೀಸ್, ರಿಜಾಲ್ (ಹದೀಸ್ ವರದಿ ಮಾಡಿದವರ ಪರಿಚಯ), ಫಿಕ್‌ಹ್, ಚರಿತ್ರೆ ಹೀಗೆ ಸಾವಿರಾರು ಅರಬಿ ಕಿತಾಬುಗಳು ಒಂದೇ ತಂತ್ರಾಂಶದಲ್ಲಿ ಸೇರಿವೆ. ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಮತ್ತೆ ಇಂಟರ್‌ನೆಟ್ ಬೇಕಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚಿಕೊಳ್ಳಲಾಗದ ಕೊಡಗಿನಲ್ಲಿ ಇದು ಸಣ್ಣ ಅನುಕೂಲವಲ್ಲ. ದರ್ಸಿನ ಕೋಣೆಯಲ್ಲಿ ಒಂದು ಹಳೆಯ ವಿಂಡೋಸ್ ಕಂಪ್ಯೂಟರ್ ಇದ್ದರೂ ಕೆಲಸ ನಡೆಯುತ್ತದೆ. ಹುಡುಕುವಾಗ ಹಂಝ ಮೊದಲಾದ ಅಕ್ಷರಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ, ಯಾವ ಕಿತಾಬುಗಳೊಳಗೆ ಮಾತ್ರ ಹುಡುಕಬೇಕು ಎಂಬ ಆಯ್ಕೆಗಳೂ ಅದರಲ್ಲಿವೆ.

ಶಾಮಿಲ ಬಳಸುವವರು ಕಣ್ಣಿಟ್ಟು ನೋಡಬೇಕಾದ ಒಂದು ಸಾಲಿದೆ. ಪ್ರತಿ ಕಿತಾಬಿನ ಪರಿಚಯಪತ್ರದಲ್ಲಿ ಕರ್ತೃ, ಸಂಪಾದಕರು, ಪ್ರಕಾಶಕರು, ಮುದ್ರಣದ ವಿವರಗಳಾದ ಮೇಲೆ ಆವರಣದೊಳಗೆ 'ಮುವಾಫಿಕ್ ಲಿಲ್ ಮತ್‌ಬೂಅ್' ಎಂದಿದ್ದರೆ ಪರದೆಯ ಪುಟಸಂಖ್ಯೆಯೂ ಅಚ್ಚಿನ ಪುಟಸಂಖ್ಯೆಯೂ ಒಂದೇ ಎಂದರ್ಥ. ಅದರ ಬದಲು 'ಗೈರ್ ಮುವಾಫಿಕ್' ಎಂದಿದ್ದರೆ ಪುಟಗಳನ್ನು ಯಂತ್ರವೇ ಹಂಚಿದೆ. ಆ ಸಂಖ್ಯೆಯನ್ನು ಲೇಖನದಲ್ಲಿ ಉದ್ಧರಿಸಿದರೆ ಯಾರೂ ಅದನ್ನು ಅಚ್ಚಿನ ಪ್ರತಿಯಲ್ಲಿ ಕಂಡುಕೊಳ್ಳಲಾರರು. ನನ್ನ ಮಟ್ಟಿಗೆ ಶಾಮಿಲದ ಅತ್ಯಂತ ಬೆಲೆಬಾಳುವ ಗುಣ ಈ ಪ್ರಾಮಾಣಿಕ ಸಾಲೇ ಆಗಿದೆ. ಸಂಗ್ರಹಕಾರರ ಒಲವು ಸಂಗ್ರಹದಲ್ಲಿ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಫತ್‌ಹುಲ್ ಮುಈನ್‌ನಂತಹ ಹೆಸರಾಂತ ಫಿಕ್‌ಹ್ ಕೃತಿ ಅಲ್ಲಿ ಸಿಕ್ಕರೂ ಮಲಬಾರಿನ ಉಲಮಾಗಳು ಬರೆದ ಉಳಿದ ಬಹುಪಾಲು ಕೃತಿಗಳನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ, ಶಿಯಾ ಗ್ರಂಥಗಳಿಗೆ ಬೇರೆ ಸಂಗ್ರಹಗಳನ್ನೇ ನೋಡಬೇಕು. ಆದ್ದರಿಂದ ಶಾಮಿಲದಲ್ಲಿ ಇಲ್ಲದ್ದು ಪರಂಪರೆಯಲ್ಲೇ ಇಲ್ಲ ಎಂಬ ತೀರ್ಮಾನಕ್ಕೆ ಬರಬಾರದು.

ಮಾತನಾಡುವ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಈ ಎರಡರ ಸಾಲಿನಲ್ಲಿ ನಿಲ್ಲಿಸಲು ನಾನು ಸಿದ್ಧನಿಲ್ಲ. ಅವು ಇಲ್ಲದ ಹದೀಸಿಗೆ ಇರುವ ಕಿತಾಬಿನ ಹೆಸರು ಮತ್ತು ನಂಬುವಂತಹ ಸಂಖ್ಯೆಯನ್ನು ಅಂಟಿಸಿ ಕೊಡಬಲ್ಲವು, ಮತ್ತು ಸರಿಯಾದ ಉತ್ತರವನ್ನೂ ತಪ್ಪಾದ ಉತ್ತರವನ್ನೂ ಒಂದೇ ದನಿಯಲ್ಲಿ ಹೇಳುತ್ತವೆ. ಪೈಥಾನ್ ಕೋಡಿನ ದೋಷ ಹುಡುಕಲು, ಕಷ್ಟವಾದ ಇಂಗ್ಲಿಷ್ ಲೇಖನದ ಸಾರ ತಿಳಿಯಲು ಅವು ನೆರವಾಗುತ್ತವೆ. ಹದೀಸಿಗಾಗಲಿ ಮಸ್‌ಅಲಕ್ಕಾಗಲಿ (ಧಾರ್ಮಿಕ ವಿಧಿಯ ಪ್ರಶ್ನೆಗಾಗಲಿ) ಅವನ್ನು ಆಕರವಾಗಿ ಬಳಸಕೂಡದು.

ನೂರಾರು ಕಿತಾಬುಗಳನ್ನು ಒಟ್ಟಿಗೆ ಓದಿಸುವುದು

ಒಂದು ಕಿತಾಬಿನಲ್ಲಿ ಒಂದು ಮಾತು ಹುಡುಕುವುದು ಒಂದು ಕೆಲಸ. ಒಂದು ಮಾತು ನೂರಾರು ಕಿತಾಬುಗಳ ಮೂಲಕ ಹೇಗೆ ಹರಿದುಬಂತು ಎಂದು ನೋಡುವುದು ಇನ್ನೊಂದು. ಎರಡನೆಯದಕ್ಕೆ ಓಪನ್‌ಐಟಿಐ ಎಂಬ ಮುಕ್ತ ಪಠ್ಯಸಂಗ್ರಹವಿದೆ. ಅದರ ಬಹಳಷ್ಟು ಪಠ್ಯ ಶಾಮಿಲದಂತಹ ಸಂಗ್ರಹಗಳಿಂದಲೇ ಬಂದದ್ದು, ಆದರೆ ಅದನ್ನು ಕಂಪ್ಯೂಟರ್ ವಿಶ್ಲೇಷಣೆಗೆ ಒಗ್ಗುವಂತೆ ಒಂದೇ ಮಾದರಿಗೆ ತಂದಿದ್ದಾರೆ. ಪ್ರತಿ ಕಡತದ ಹೆಸರು ಕರ್ತೃವಿನ ವಫಾತಿನ (ಮರಣದ) ಹಿಜರಿ ವರ್ಷದಿಂದ ಆರಂಭವಾಗುತ್ತದೆ. ಇಮಾಮ್ ಬುಖಾರಿ ತೀರಿಕೊಂಡದ್ದು ಹಿಜರಿ 256ರಲ್ಲಿ. ಅವರ ಕಡತದ ಹೆಸರು 0256 ಎಂದು ಶುರುವಾಗಿ, 25 ವರ್ಷಗಳಿಗೊಂದರಂತೆ ಮಾಡಿರುವ ಕಪಾಟುಗಳಲ್ಲಿ 0275ರದ್ದರೊಳಗೆ ಇರುತ್ತದೆ. ಹೆಸರನ್ನು ನೋಡಿದೊಡನೆ ಯಾರು ಮೊದಲು, ಯಾರು ಆಮೇಲೆ ಎಂದು ತಿಳಿಯುವ ಈ ವ್ಯವಸ್ಥೆ ಚರಿತ್ರೆಯ ಅಧ್ಯಯನಕ್ಕೆ ಹೇಳಿಮಾಡಿಸಿದಂತಿದೆ.

ಲಂಡನ್ನಿನ ಆಗಾ ಖಾನ್ ವಿಶ್ವವಿದ್ಯಾಲಯದ ಕಿತಾಬ್ ಯೋಜನೆಯವರು ಈ ಪಠ್ಯಗಳನ್ನು 300 ಪದಗಳ ತುಂಡುಗಳಾಗಿ ವಿಭಜಿಸಿ, ಪ್ಯಾಸಿಮ್ ಎಂಬ ತಂತ್ರಾಂಶದಿಂದ ಒಂದರ ಮಾತು ಇನ್ನೊಂದರಲ್ಲಿ ಎಲ್ಲೆಲ್ಲಿ ಮರುಬಳಕೆಯಾಗಿದೆ ಎಂದು ಪತ್ತೆಹಚ್ಚುತ್ತಾರೆ. ನಮ್ಮ ದರ್ಸುಗಳಲ್ಲಿ ಓದುವ ಫತ್‌ಹುಲ್ ಮುಈನ್‌ಗೇ ಈ ವಿಧಾನವನ್ನು ಅನ್ವಯಿಸಬಹುದು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ತಮ್ಮ ಗುರುಗಳಾದ, ಹಿಜರಿ 974ರಲ್ಲಿ ತೀರಿಕೊಂಡ ಇಬ್ನು ಹಜರ್ ಹೈತಮಿ ಅವರ ತುಹ್‌ಫ ಎಂಬ ಕಿತಾಬನ್ನು ಎಲ್ಲಿ ಅಕ್ಷರಶಃ ಅನುಸರಿಸಿದ್ದಾರೆ, ಎಲ್ಲಿ ಸಂಕ್ಷೇಪಿಸಿದ್ದಾರೆ, ಎಲ್ಲಿ ಬೇರೆ ದಾರಿ ಹಿಡಿದಿದ್ದಾರೆ ಎಂಬುದನ್ನು ಬಾಬಿನಿಂದ ಬಾಬಿಗೆ ಪಟ್ಟಿಮಾಡಿದರೆ ಅದು ಒಂದು ಒಳ್ಳೆಯ ಸಂಶೋಧನಾ ಪ್ರಬಂಧವೇ ಆಗುತ್ತದೆ. ಹೊಂದಿಕೆಯಾದ ಸಾಲುಗಳನ್ನು ತೋರಿಸುವುದಷ್ಟೇ ಯಂತ್ರದ ಕೆಲಸ. ಆ ಹೊಂದಿಕೆ ಉದ್ಧರಣೆಯೋ, ಇಬ್ಬರೂ ಹಿಂದಿನ ಒಬ್ಬರಿಂದ ಪಡೆದದ್ದೋ ಎಂದು ನಿರ್ಣಯಿಸಲು ಕಿತಾಬು ಓದಿದವರೇ ಬೇಕು. ಅರಬಿ ಬಲ್ಲವರೊಬ್ಬರು ಜೊತೆಗಿಲ್ಲದೆ ಬಿ.ಸಿ.ಎ. ವಿದ್ಯಾರ್ಥಿಯೊಬ್ಬನೇ ಈ ಕೆಲಸಕ್ಕೆ ಇಳಿಯಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಸನದುಗಳ ಅಧ್ಯಯನಕ್ಕೆ ಇಷ್ಟು ದೊಡ್ಡ ಸಂಗ್ರಹ ಬೇಕಾಗಿಲ್ಲ. ಮೇಲಿನ ಏಳು ನಿಯ್ಯತ್ ಹದೀಸುಗಳ ಸನದುಗಳನ್ನು ಒಂದು ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ, ಸಾಲಿಗೆ ಒಬ್ಬ ಗುರು ಮತ್ತು ಒಬ್ಬ ಶಿಷ್ಯನಂತೆ ಬರೆದು ನಕ್ಷೆ ಮಾಡಿದರೆ, ಉಮರ್, ಅಲ್ಕಮ, ಮುಹಮ್ಮದ್ ಇಬ್ನು ಇಬ್ರಾಹೀಮ್ ಮತ್ತು ಯಹ್ಯಾ ಇಬ್ನು ಸಈದ್‌ರವರೆಗೆ ಒಂದೇ ಎಳೆಯಾಗಿ ಬಂದು, ಯಹ್ಯಾ ಅವರಿಂದ ಮುಂದೆ ಹಲವು ಕವಲಾಗುವುದು ಕಣ್ಣಿಗೆ ಕಾಣುತ್ತದೆ. ಮುಹದ್ದಿಸರು (ಹದೀಸ್ ವಿದ್ವಾಂಸರು) ಈ ಹದೀಸನ್ನು ಗರೀಬ್ (ಒಬ್ಬರಿಂದ ಒಬ್ಬರಿಗೆ ಒಂದೇ ಎಳೆಯಾಗಿ ಬಂದದ್ದು) ಎಂದು ಏಕೆ ಕರೆದರು ಎಂಬುದನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಉತ್ತಮ ವಿಧಾನ ನನಗೆ ಕಂಡಿಲ್ಲ.

ನಮಾಝಿನ ವೇಳೆ ಮತ್ತು ಕಿಬ್ಲ

ಇಲ್ಲಿ ಆ್ಯಪ್‌ಗಳ ಆಯ್ಕೆಗಿಂತ ಅವುಗಳೊಳಗಿನ ಸೆಟ್ಟಿಂಗ್ ಮುಖ್ಯ. ಕರಾಚಿ ವಿಧಾನವು ಫಜ್ರ್ (ಮುಂಜಾನೆಯ ನಮಾಝ್) ಮತ್ತು ಇಶಾ (ರಾತ್ರಿಯ ನಮಾಝ್) ಎರಡಕ್ಕೂ ಸೂರ್ಯನು ದಿಗಂತದಿಂದ 18 ಡಿಗ್ರಿ ಕೆಳಗಿರುವುದನ್ನು ಲೆಕ್ಕಹಾಕುತ್ತದೆ. ಉತ್ತರ ಅಮೆರಿಕದ ಇಸ್ನಾ ವಿಧಾನ 15 ಡಿಗ್ರಿಯನ್ನು ಹಿಡಿಯುತ್ತದೆ. ಒಂದು ಡಿಗ್ರಿಗೆ ಸುಮಾರು ನಾಲ್ಕು ನಿಮಿಷದಂತೆ ಸಹರಿಯ (ಉಪವಾಸಕ್ಕೆ ಮುಂಚಿನ ಊಟದ) ಕೊನೆಯ ವೇಳೆಯೇ ಬದಲಾಗುತ್ತದೆ. ಅಸರ್‌ಗೆ ಮಾಪಿಳ್ಳೆ ಮತ್ತು ಬ್ಯಾರಿ ಜಮಾಅತುಗಳು ಶಾಫಿಈ ಲೆಕ್ಕವನ್ನೂ ಉರ್ದು ಮಾತನಾಡುವ ಹನಫಿಗಳು ತಮ್ಮ ಲೆಕ್ಕವನ್ನೂ ಅನುಸರಿಸುವುದರಿಂದ ಒಂದೇ ಪೇಟೆಯಲ್ಲಿ ಎರಡು ಸೆಟ್ಟಿಂಗ್ ಬೇಕಾಗುತ್ತವೆ. ಊರಿನ ಆಯ್ಕೆಯಂತೂ ಇನ್ನೂ ಮುಖ್ಯ. ಮಡಿಕೇರಿ ಬೆಂಗಳೂರಿಗಿಂತ ಸುಮಾರು 1.85 ಡಿಗ್ರಿ ಪಶ್ಚಿಮಕ್ಕಿದೆ. ಬೆಂಗಳೂರಿನ ವೇಳಾಪಟ್ಟಿ ನೋಡಿ ಇಲ್ಲಿ ಉಪವಾಸ ಬಿಟ್ಟವರು ಏಳು ನಿಮಿಷಕ್ಕೂ ಮೊದಲೇ ಬಿಟ್ಟಂತಾಗುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ, ಪಶ್ಚಿಮ ದಿಕ್ಕು ತೆರೆದಿರುವ ಗುಡ್ಡದ ನೆತ್ತಿಯ ಮೇಲೆ ಸೂರ್ಯಾಸ್ತ ಇನ್ನೂ ಸ್ವಲ್ಪ ತಡವಾಗುತ್ತದೆ, ಮತ್ತು ಹಲವು ಆ್ಯಪ್‌ಗಳು ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆ್ಯಪ್‌ಗೂ ಮಹಲ್ಲಿನ (ಊರಿನ ಮಸೀದಿಯ ಜಮಾಅತಿನ) ವೇಳಾಪಟ್ಟಿಗೂ ವ್ಯತ್ಯಾಸ ಬಂದಾಗ ಮಹಲ್ಲಿನದ್ದನ್ನೇ ಅನುಸರಿಸಬೇಕು.

ಮಡಿಕೇರಿಯಿಂದ ಕಿಬ್ಲ (ನಮಾಝಿಗೆ ಮುಖಮಾಡುವ ಕಅ್‌ಬದ ದಿಕ್ಕು) ಪಶ್ಚಿಮದಿಂದ ಸುಮಾರು 20 ಡಿಗ್ರಿ ಉತ್ತರಕ್ಕಿದೆ. ಫೋನಿನ ದಿಕ್ಸೂಚಿ ಕಬ್ಬಿಣದ ಸರಳುಗಳ ಬಳಿ ಹಾದಿತಪ್ಪುತ್ತದೆ. ಅದನ್ನು ಪರೀಕ್ಷಿಸಲು ಮೇ 28ರ ಸುಮಾರಿಗೆ, ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಸೂರ್ಯನು ಕಅ್‌ಬದ ನೆತ್ತಿಯ ಮೇಲಿರುವಾಗ ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ನೆರಳಿಗೆ ಎದುರು ದಿಕ್ಕನ್ನು ಗುರುತಿಸಿಕೊಳ್ಳಬಹುದು. ಜುಲೈ 16ರ ಸುಮಾರಿಗೂ, 2 ಗಂಟೆ 57 ನಿಮಿಷಕ್ಕೆ, ಅದೇ ಯೋಗವಿದೆ, ಆದರೆ ಆಗ ಕೊಡಗಿನಲ್ಲಿ ಬಿಸಿಲನ್ನು ನಿರೀಕ್ಷಿಸುವುದು ಕಷ್ಟ.

ಮನೆಯ ಹಳೆಯ ಪುಸ್ತಕಗಳು: ಟೈಪಿಸುವುದೋ, ಯಂತ್ರದಿಂದ ಓದಿಸುವುದೋ?

ಮೇಲಿನ ಸಾಧನಗಳೆಲ್ಲ ಹೊರಗಿನವರು ಸಿದ್ಧಪಡಿಸಿ ಕೊಟ್ಟಂಥವು. ನಮ್ಮವರೇ ಮಾಡಬೇಕಾದ, ಬೇರೆ ಯಾರೂ ಮಾಡಲಾರದ ಕೆಲಸವೆಂದರೆ ಇಲ್ಲಿನ ಮನೆಗಳಲ್ಲಿ, ಮಸೀದಿಯ ಕಪಾಟುಗಳಲ್ಲಿ ಉಳಿದಿರುವ ಅರಬಿ ಮತ್ತು ಅರಬಿ-ಮಲಯಾಳ (ಅರಬಿ ಲಿಪಿಯಲ್ಲಿ ಬರೆದ ಮಲಯಾಳ) ಪುಸ್ತಕಗಳನ್ನು ಉಳಿಸುವುದು. ಮೌಲಿದ್ ಕಿತಾಬು, ಮಾಲೆಪಾಟ್ಟು, ಹಳೆಯ ಮದ್ರಸ ಪಠ್ಯ, ಕೈಬರಹದ ಟಿಪ್ಪಣಿ ಇವೆಲ್ಲ ಕೊಡಗಿನ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿದು ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿವೆ. ಅರಬಿ-ಮಲಯಾಳದಲ್ಲಿ ಕಾಲ ತಿಳಿದಿರುವ ಅತ್ಯಂತ ಹಳೆಯ ಕೃತಿಯಾದ ಮುಹ್ಯಿದ್ದೀನ್ ಮಾಲೆ 1607ರದ್ದು. ಅಷ್ಟು ದೀರ್ಘ ಪರಂಪರೆಯ ಒಂದು ಎಳೆ ಈ ಬೆಟ್ಟದ ಮನೆಗಳಲ್ಲೂ ಇದೆ.

ಚಿತ್ರ ತೆಗೆಯುವುದು ಮೊದಲ ಹೆಜ್ಜೆ, ಮತ್ತು ಅದನ್ನು ಒಣಹವೆಯ ಜನವರಿಯಿಂದ ಮಾರ್ಚ್ ನಡುವೆ ಮಾಡುವುದು ಒಳ್ಳೆಯದು. ನುಕ್ತೆಗಳು, ಅಂದರೆ ಅರಬಿ ಅಕ್ಷರಗಳ ಚುಕ್ಕೆಗಳು, ಸ್ಪಷ್ಟವಾಗಿ ಕಾಣಲು ಕನಿಷ್ಠ 300, ಸಾಧ್ಯವಾದರೆ 400 ಡಿ.ಪಿ.ಐ. ಬೇಕು. ಪುಸ್ತಕದ ಬೆನ್ನು ಸಡಿಲವಾಗಿದ್ದರೆ ಸ್ಕ್ಯಾನರಿನ ಗಾಜಿಗೆ ಒತ್ತದೆ ಮೇಲಿನಿಂದ ಫೋನಿನಲ್ಲಿ ತೆಗೆಯಬೇಕು. ಚಿತ್ರದಿಂದ ಪಠ್ಯಕ್ಕೆ ಹೋಗಲು ಮೂರು ನಾಲ್ಕು ದಾರಿಗಳಿವೆ. ಐವತ್ತು ಪುಟದೊಳಗಿನ ಪುಸ್ತಕವಾದರೆ ನೇರವಾಗಿ ಟೈಪಿಸುವುದೇ ಲೇಸು. ಸ್ಪಷ್ಟವಾದ ನಸ್ಖ್ ಅಕ್ಷರದಲ್ಲಿ ಅಚ್ಚಾದ ಅರಬಿ ಪುಸ್ತಕಕ್ಕೆ ಚಿತ್ರದಲ್ಲಿನ ಅಕ್ಷರ ಓದುವ ಉಚಿತ ತಂತ್ರಾಂಶ ಟೆಸೆರಾಕ್ಟ್ ಸಾಕಾಗಬಹುದು. ಕಲ್ಲಚ್ಚಿನ ಅರಬಿ-ಮಲಯಾಳ ಪುಸ್ತಕಕ್ಕೆ ಮಾತ್ರ ಅದು ನಿಲುಕುವುದಿಲ್ಲ, ಏಕೆಂದರೆ ಮಲಯಾಳದ ಧ್ವನಿಗಳಿಗೆಂದು ಸೇರಿಸಿಕೊಂಡ ಹೆಚ್ಚುವರಿ ಅಕ್ಷರಗಳನ್ನು ಅರಬಿಗೆಂದು ತರಬೇತಿ ಪಡೆದ ಯಂತ್ರ ಕಂಡೇ ಇರುವುದಿಲ್ಲ.

ಅಂತಹ ಪುಸ್ತಕಕ್ಕೆ ನಾವೇ ಯಂತ್ರಕ್ಕೆ ಕಲಿಸಬೇಕು. ಟ್ರಾನ್ಸ್‌ಕ್ರಿಬಸ್ ಬ್ರೌಸರಿನಲ್ಲೇ ನಡೆಯುತ್ತದೆ, ಪ್ರೋಗ್ರಾಮಿಂಗ್ ಬೇಡ. ಆದರೆ ಉಚಿತ ಮಿತಿ ಮುಗಿದ ಮೇಲೆ ಹಣ ಕೊಡಬೇಕು, ಮತ್ತು ಚಿತ್ರಗಳು ಅವರ ಸರ್ವರಿಗೆ ಹೋಗುತ್ತವೆ. ಬೆಂಜಮಿನ್ ಕೀಸ್ಲಿಂಗ್ ರೂಪಿಸಿದ ಕ್ರಾಕೆನ್, ಅದರ ಜೊತೆಗಿನ ಇಸ್ಕ್ರಿಪ್ಟೋರಿಯಂ ಎರಡೂ ಮುಕ್ತ ತಂತ್ರಾಂಶಗಳು. ಒಂದೊಂದು ಅಕ್ಷರವನ್ನು ಕತ್ತರಿಸದೆ ಇಡೀ ಸಾಲನ್ನೇ ಓದುವ ವಿಧಾನವಾದ್ದರಿಂದ ಕೂಡಿಕೊಂಡು ಬರೆಯುವ ಅರಬಿ ಲಿಪಿಗೆ ಅದು ಹೊಂದುತ್ತದೆ. ಅದಕ್ಕೆ ಲಿನಕ್ಸ್ ತಿಳಿದವರೊಬ್ಬರು ಬೇಕು. ಯಾವುದನ್ನು ಆರಿಸಿದರೂ ಸುಮಾರು ಸಾವಿರ ಸಾಲುಗಳನ್ನು ಅರಬಿ-ಮಲಯಾಳ ಬಲ್ಲ ಹಿರಿಯರ ಜೊತೆ ಕುಳಿತು ನಿಖರವಾಗಿ ಟೈಪಿಸಿ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ಯಾವ ವಿಶೇಷ ಅಕ್ಷರಕ್ಕೆ ಯಾವ ಯುನಿಕೋಡ್ ಸಂಕೇತ ಎಂಬ ಪಟ್ಟಿಯನ್ನು ಬರೆದು ಎಲ್ಲರೂ ಒಪ್ಪಿಕೊಳ್ಳಬೇಕು. ನನ್ನ ಒಲವು ಕ್ರಾಕೆನ್ ಕಡೆಗಿದೆ, ಏಕೆಂದರೆ ಒಮ್ಮೆ ಕಲಿಸಿದ ಮಾದರಿ ನಮ್ಮ ಬಳಿಯೇ ಉಳಿಯುತ್ತದೆ ಮತ್ತು ಮುಂದಿನ ಪುಸ್ತಕಕ್ಕೂ ಒದಗುತ್ತದೆ.

ನಿಖರತೆಯ ಶೇಕಡಾವಾರು ನೋಡಿ ಸಮಾಧಾನಪಡಬಾರದು. 1,500 ಅಕ್ಷರಗಳ ಒಂದು ಪುಟದಲ್ಲಿ ಶೇ 95ರ ನಿಖರತೆ ಎಂದರೆ 75 ತಪ್ಪುಗಳು. ಯಝೀದ್ ಮತ್ತು ಬುರೈದ್ ಎಂಬ ಎರಡು ಹೆಸರುಗಳ ಅಕ್ಷರಗಳ ಒಡಲು ಒಂದೇ. ಅವನ್ನು ಬೇರ್ಪಡಿಸುವುದು ನುಕ್ತೆಗಳು ಮಾತ್ರ. ಒಂದು ಚುಕ್ಕೆ ತಪ್ಪಿದರೆ ಸನದಿನಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಹಾಗಾಗಿ ಹೆಸರುಗಳಿರುವ ಸಾಲುಗಳನ್ನು ಮನುಷ್ಯರೇ ಎರಡನೆಯ ಸಲ ಓದಬೇಕು, ಮತ್ತು ಪಠ್ಯದ ಪಕ್ಕದಲ್ಲಿ ಚಿತ್ರವನ್ನು ಸದಾ ಇಟ್ಟಿರಬೇಕು.

ಪ್ರಕಟಿಸುವ ಮುನ್ನ ಹಕ್ಕುಗಳನ್ನು ನೋಡಿಕೊಳ್ಳಬೇಕು. ಭಾರತದ ಕಾಯಿದೆಯಂತೆ ಕರ್ತೃ ತೀರಿಕೊಂಡ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಹಳೆಯ ಕಿತಾಬಿಗೆ ಇತ್ತೀಚೆಗೆ ಬರೆದ ಪ್ರಸ್ತಾವನೆ, ಟಿಪ್ಪಣಿಗಳಿಗೆ ಬೇರೆಯೇ ಹಕ್ಕಿರಬಹುದು. ಕಡತಗಳಿಗೆ ಓಪನ್‌ಐಟಿಐ ಮಾದರಿಯಲ್ಲಿ ವರ್ಷ, ಕರ್ತೃ, ಕೃತಿ ಎಂಬ ಕ್ರಮದಲ್ಲಿ ಹೆಸರಿಟ್ಟು, ಒಂದು ಪ್ರತಿಯನ್ನು ಪುಸ್ತಕದ ಮನೆಯವರಿಗೆ, ಒಂದನ್ನು ಮಸೀದಿಯ ಕಂಪ್ಯೂಟರಿಗೆ, ಒಂದನ್ನು ಊರಿನ ಹೊರಗಿನ ಡಿಸ್ಕಿಗೆ ಕೊಟ್ಟಿರಬೇಕು. ಪ್ರತಿ ಕಡತದ ಜೊತೆಗೆ ಒಂದು ಪುಟದ ವಿವರಣೆ ಕನ್ನಡದಲ್ಲಿರಲಿ: ಪುಸ್ತಕ ಯಾವ ಊರಿನಲ್ಲಿತ್ತು, ಅಚ್ಚಾದದ್ದು ಎಲ್ಲಿ ಮತ್ತು ಯಾವಾಗ, ಯಾವ ಪುಟಗಳು ಇಲ್ಲ, ಯಾವ ಪುಟಗಳಿಗೆ ನೀರು ತಾಗಿದೆ, ಪಠ್ಯವನ್ನು ಯಂತ್ರ ಓದಿದ ಮೇಲೆ ತಿದ್ದಿದವರು ಎಷ್ಟನೆಯ ಪುಟದವರೆಗೆ ತಿದ್ದಿದ್ದಾರೆ.